ಥೇಮ್ಸ್ ನದಿಯ ಅನಾಥರ ಹಡಗುಗಳು
ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ದಿಕ್ಕಿಲ್ಲದ ಅನೇಕ ಹುಡುಗರಿಗೆ ನೌಕಾಪಡೆಯ ಹಳೆಯ ಹಡಗುಗಳೇ ಮನೆಯಾದವು. ಸಮಾಜ ಸುಧಾರಕ ಲಾರ್ಡ್ ಶಾಫ್ಟ್ಸ್‌ಬರಿಯ ಬೆಂಬಲದಿಂದ 1866ರಲ್ಲಿ ‘ಚಿಚೆಸ್ಟರ್’ ಥೇಮ್ಸ್ ನದಿಯ ಗ್ರೀನ್‌ಹೈತ್ ಬಳಿ ಲಂಗರು ಹಾಕಿತು; 1874ರಲ್ಲಿ ‘ಅರೆಥೂಸಾ’ ಜೊತೆಗೂಡಿತು. ತೂಗುಮಂಚದಲ್ಲಿ ನಿದ್ದೆ, ನಸುಕಿಗೆ ಹಡಗಿನ ಡೆಕ್ ತಿಕ್ಕುವುದು, ಹಗ್ಗದ ಗಂಟು, ಹಾಯಿ, ಈಜು, ಅದರೊಂದಿಗೆ ಓದು ಬರಹ. ಊಟ ಖಚಿತ, ಶಿಸ್ತು ಕಠಿಣ. ಒಡಹುಟ್ಟಿದವರನ್ನು ಒಟ್ಟಿಗಿಡುವ ಯೋಚನೆ ಮಾತ್ರ ಇರಲಿಲ್ಲ. ಹಡಗು ಹುಡುಗರಿಗಷ್ಟೇ, ತಂಗಿಯರು ದಡದ ಆಶ್ರಯಗಳಿಗೆ.

ಮರದ ಹಡಗಿಗೆ ಬೆಂಕಿಯೇ ದೊಡ್ಡ ಶತ್ರು. ಥೇಮ್ಸ್‌ನಲ್ಲೇ ಗ್ರೇಸ್ ಊರಿನ ಬಳಿಯಿದ್ದ ಇಂಥದೇ ಹಡಗು ‘ಗೋಲಿಯತ್’ 1875ರ ಡಿಸೆಂಬರಿನಲ್ಲಿ ದೀಪವೊಂದು ಬಿದ್ದು ಸುಟ್ಟುಹೋಯಿತು. ಹಲವು ಮಕ್ಕಳು ಸತ್ತರು. ಆದರೂ ವ್ಯವಸ್ಥೆ ನಿಲ್ಲಲಿಲ್ಲ, ಮರುವರ್ಷವೇ ‘ಎಕ್ಸ್‌ಮತ್’ ಆ ಜಾಗಕ್ಕೆ ಬಂತು. 1930ರ ದಶಕದಲ್ಲಿ ‘ಅರೆಥೂಸಾ’ದ ಸ್ಥಾನವನ್ನು ‘ಪೆಕಿಂಗ್’ ಎಂಬ ಉಕ್ಕಿನ ಹಾಯಿಹಡಗು ಅದೇ ಹೆಸರು ಹೊತ್ತು ತುಂಬಿತು. ಅದು ಮೆಡ್ವೇ ನದಿಯಲ್ಲಿ 1970ರ ದಶಕದವರೆಗೂ ಇತ್ತು.