ಹಳಿಯ ಕೆಳಗಿನ ಮರ: ರೈಲು ಸ್ಲೀಪರಿನ ಸಂಶೋಧನೆ, ಪ್ರಯಾಣಿಕರ ಸುರಕ್ಷತೆ ಮತ್ತು ಅರಣ್ಯ ನಿರ್ವಹಣೆ

ಭಾರತದ ರೈಲ್ವೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎಂಜಿನು, ಸೇತುವೆ, ಸುರಂಗಗಳ ಬಗೆಗೆ ವಿಸ್ತಾರವಾಗಿ ಬರೆದಿದ್ದಾರೆ. ಅರಣ್ಯದ ಚರಿತ್ರೆಯನ್ನು ಬರೆದವರ ಲಕ್ಷ್ಯವೆಲ್ಲ ಕಾಯಿದೆ, ಮೀಸಲು ಪ್ರದೇಶ ಮತ್ತು ಪ್ರತಿಭಟನೆಗಳ ಮೇಲೆ. ಈ ಎರಡು ಚರಿತ್ರೆಗಳು ಪರಸ್ಪರ ಸಂಧಿಸುವ ಸ್ಥಳ ಹಳಿಯ ಕೆಳಗೆ ಅಡ್ಡಲಾಗಿ ಮಲಗಿರುವ ಮರದ ತೊಲೆ, ಅಂದರೆ ಸ್ಲೀಪರು. ದೆಹಲಿಯಿಂದ ಬೆಂಗಳೂರಿಗೆ ಎರಡು ಹಗಲು ರಾತ್ರಿ ರೈಲಿನಲ್ಲಿ ಕಳೆಯುವ ನಮ್ಮಂಥವರು ಅದನ್ನು ಸಾವಿರಾರು ಸಲ ಕಂಡಿದ್ದರೂ ಅದರ ಬಗೆಗೆ ಯೋಚಿಸಿದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ನಾವು ಈ ತೊಲೆಯ ಜಾಡನ್ನು ಹಿಡಿದು ಎಂಜಿನಿಯರಿಂಗ್ ಸಂಶೋಧನೆಯೂ ಕಾಡಿನ ಆಡಳಿತವೂ ಹೇಗೆ ಒಂದನ್ನೊಂದು ರೂಪಿಸಿದವು ಎಂಬುದನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಸ್ಲೀಪರು ಮಾಡುವ ಕೆಲಸವನ್ನು ಮೊದಲು ಅರಿತುಕೊಳ್ಳಬೇಕು. ಗಾಡಿಯ ಭಾರವನ್ನು ಹಳಿಯಿಂದ ಪಡೆದು ಜಲ್ಲಿಯ ಮೇಲೆ ಹರಡುವುದು ಒಂದು; ಎರಡು ಹಳಿಗಳ ನಡುವಣ ಅಂತರವನ್ನು ಕದಲದಂತೆ ಹಿಡಿದಿಡುವುದು ಇನ್ನೊಂದು. ಬ್ರಾಡ್‌ಗೇಜ್ ಮಾರ್ಗದಲ್ಲಿ ಈ ಅಂತರ 1676 ಮಿಲಿಮೀಟರು. ಹಳಿಯನ್ನು ಮರಕ್ಕೆ ಬಿಗಿಯುವ ಮೊಳೆಯ ಸುತ್ತ ಮಳೆನೀರು ಇಳಿದು ಶಿಲೀಂಧ್ರ ಹತ್ತಿದರೆ, ಇಲ್ಲವೆ ಗೆದ್ದಲು ತಿಂದರೆ, ಮೊಳೆಯ ಹಿಡಿತ ಸಡಿಲಗೊಳ್ಳುತ್ತದೆ. ಮೇಲ್ನೋಟಕ್ಕೆ ತೊಲೆ ಗಟ್ಟಿಯಾಗಿಯೇ ಕಾಣುತ್ತಿರಬಹುದು. ತಿರುವಿನಲ್ಲಿ ಭಾರದ ಎಂಜಿನು ಹೊರಹಳಿಯನ್ನು ಒತ್ತಿದಾಗ ಅಂತರ ಹಿಗ್ಗಿ ಚಕ್ರ ಒಳಕ್ಕೆ ಬೀಳುತ್ತದೆ. ಹೀಗಾಗಿ ಮರ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆ ಕೇವಲ ಲೆಕ್ಕಪತ್ರದ ಪ್ರಶ್ನೆಯಾಗಿರಲಿಲ್ಲ, ಗಾಡಿಯಲ್ಲಿ ಕುಳಿತವರ ಪ್ರಾಣದ ಪ್ರಶ್ನೆಯೂ ಆಗಿತ್ತು. ಸುತ್ತಿಗೆ ಹಿಡಿದು ದಿನವೂ ಹಳಿಯುದ್ದಕ್ಕೆ ನಡೆದು ಬಿಗಿತವನ್ನು ನೋಡುತ್ತಿದ್ದ ಕೀಮ್ಯಾನ್‌ನ ಕೆಲಸಕ್ಕೆ ಇದ್ದ ಅರ್ಥ ಇದೇ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿದಾಗ ಮಾರ್ಗದ ಉದ್ದ ಕೇವಲ 34 ಕಿಲೋಮೀಟರು. 1860ರಲ್ಲಿ ಸುಮಾರು 1,350 ಕಿಲೋಮೀಟರಿದ್ದ ಜಾಲ 1910ರ ವೇಳೆಗೆ 51,000 ಕಿಲೋಮೀಟರನ್ನು ದಾಟಿತು. ಮೂರು ಅಡಿಗೊಂದರಂತೆ ಇಟ್ಟರೂ ಮೈಲಿಗೆ 1,760 ಸ್ಲೀಪರು ಬೇಕು. ನೂರು ಮೈಲಿಗೆ 1,76,000. ಒಂದೊಂದೂ ಎಂಟು ವರ್ಷ ಬಾಳುತ್ತದೆಂದು ಹಿಡಿದರೆ, ಆ ನೂರು ಮೈಲಿಯನ್ನು ಇದ್ದಂತೆ ಇರಿಸಿಕೊಳ್ಳಲಿಕ್ಕೇ ವರ್ಷಕ್ಕೆ 22,000 ತೊಲೆಗಳು ಬೇಕಾಗುತ್ತವೆ. ಅದೂ ಎಲ್ಲ ಮರವೂ ಆಗದು. ತೇಗ, ಸಾಲ, ದೇವದಾರುಗಳ ಬಲಿತ ಕೆಚ್ಚು ಮಾತ್ರ ತಾನಾಗಿ ಬಾಳುವಂಥದು. ಆದ್ದರಿಂದ ದಪ್ಪನೆಯ ಹಳೆಯ ಮರಗಳೇ ಮೊದಲು ಉರುಳಿದವು.

ಈ ಸಂಗತಿಯನ್ನು ಬೇಗನೆ ಗುರುತಿಸಿದವರಲ್ಲಿ ಹ್ಯೂ ಕ್ಲೆಗಾರ್ನ್ ಒಬ್ಬರು. ಮದರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದ ಇವರು 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ವೈದ್ಯಾಧಿಕಾರಿಯಾಗಿದ್ದರು. ಮಲೆನಾಡಿನ ಕಾಡು ಬಯಲಾಗುತ್ತಿರುವುದನ್ನು ಅಲ್ಲಿಯೇ ಕಂಡರು. 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಮೇಲೆ ರೈಲ್ವೆಯ ಬೇಡಿಕೆ ಅವರ ಮುಖ್ಯ ಚಿಂತೆಯಾಯಿತು. ಆ ಪ್ರಾಂತವೊಂದಕ್ಕೇ ವರ್ಷಕ್ಕೆ ಎರಡೂವರೆ ಲಕ್ಷ ಸ್ಲೀಪರು, ಎಂದರೆ ಸುಮಾರು 35,000 ಮರಗಳು ಬೇಕೆಂಬುದು ಆ ಕಾಲದ ಅಂದಾಜು. ಆದರೆ ಇಲ್ಲೊಂದು ವಿಪರ್ಯಾಸವನ್ನು ಗಮನಿಸದಿರುವಂತಿಲ್ಲ. ಕಾಡಿನ ನಾಶಕ್ಕೆ ಕಾರಣವೆಂದು ಸರ್ಕಾರಿ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದ ‘ಕುಮರಿ’. ಘಟ್ಟದವರ ಬಾಯಲ್ಲಿದ್ದ ಈ ಮಾತು ಇಂಗ್ಲಿಷ್ ಆಡಳಿತದ ಪರಿಭಾಷೆಗೆ ಹೋಗಿ ಅಪರಾಧದ ಹೆಸರಾಯಿತು. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿ ಬೇಸಾಯವನ್ನು ತಡೆಯಿತು. ಗುತ್ತಿಗೆದಾರನ ಕೊಡಲಿಗೆ ನಿಯಮ ಬಂತು. ಕುಮರಿಯವನ ಕತ್ತಿಗೆ ನಿಷೇಧ ಬಂತು. ಇವೆರಡೂ ಒಂದೇ ತೂಕದವೆಂದು ನಾವು ಒಪ್ಪಲಾರೆವು.

ಡಾಲ್‌ಹೌಸಿಯ 1855ರ ಅರಣ್ಯ ಶಾಸನ, 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಅವರು ಮೊದಲ ಅರಣ್ಯ ಮಹಾನಿರೀಕ್ಷಕರಾಗಿ ಬಂದದ್ದು, 1865 ಮತ್ತು 1878ರ ಕಾಯಿದೆಗಳು ವಿದ್ವಾಂಸರಿಗೆ ಪರಿಚಿತವಾದ ವಿಷಯಗಳು. ಹಿಮಾಲಯದ ದೇವದಾರು ತೊಲೆಗಳು ಯಮುನೆ, ಸಟ್ಲೆಜ್, ಚೀನಾಬ್ ನದಿಗಳಲ್ಲಿ ತೇಲಿ ಬಯಲಿಗೆ ಬರುತ್ತಿದ್ದವು. ಅದೂ ಸಾಲದಾದಾಗ ಬಾಲ್ಟಿಕ್ ತೀರದ ಪೈನ್ ಮರ ಎಣ್ಣೆಯಲ್ಲಿ ನೆನೆದು ಹಡಗಿನಲ್ಲಿ ಬಂತು, ಆಸ್ಟ್ರೇಲಿಯದಿಂದ ಜಾರಾ ಮರ ಬಂತು. ಕಾಡುಗಳ ದೇಶವೆನಿಸಿಕೊಂಡ ಭಾರತ ಮರವನ್ನು ಆಮದು ಮಾಡಿಕೊಳ್ಳುತ್ತಿತ್ತು.

ಅನ್ವಯಿಕ ಸಂಶೋಧನೆ ಕಾಲಿಡುವುದು ಈ ಇಕ್ಕಟ್ಟಿನಲ್ಲಿ. 1906ರಲ್ಲಿ ಡೆಹ್ರಾಡೂನಿನಲ್ಲಿ ಸಾಮ್ರಾಜ್ಯ ಅರಣ್ಯ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಬಾಳದ ಮರವನ್ನು ಬಾಳುವಂತೆ ಮಾಡಬಹುದೇ ಎಂಬುದು ಅಲ್ಲಿ ಕೈಗೊಂಡ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಆರ್. ಎಸ್. ಪಿಯರ್ಸನ್ ಅವರು ರೈಲ್ವೆ ಸ್ಲೀಪರುಗಳನ್ನೇ ಮುಖ್ಯವಾಗಿರಿಸಿಕೊಂಡು ಮರದ ರಕ್ಷಣಾ ಉಪಚಾರದ ಪ್ರಯೋಗಗಳನ್ನು ನಡೆಸಿದರು. ವಿಧಾನ ಹೇಳಲು ಸರಳ: ತೊಲೆಯನ್ನು ಗಾಳಿಯಲ್ಲಿ ಒಣಗಿಸಿ, ಮೊಳೆಯ ತೂತುಗಳನ್ನು ಮುಂಚಿತವಾಗಿಯೇ ಕೊರೆದು, ಉಕ್ಕಿನ ಉರುಳೆಯೊಳಗಿಟ್ಟು ಕಲ್ಲಿದ್ದಲಿನ ಡಾಂಬರಿನಿಂದ ಇಳಿಸಿದ ಕ್ರಿಯೊಸೋಟ್ ಎಣ್ಣೆಯನ್ನು ಒತ್ತಡದಿಂದ ತುಂಬುವುದು. ತೂತನ್ನು ಆಮೇಲೆ ಕೊರೆದರೆ ಎಣ್ಣೆ ತಾಗದ ಒಳಮರ ತೆರೆದುಕೊಂಡು, ಕೊಳೆತ ಅಲ್ಲಿಂದಲೇ, ಅಂದರೆ ಸುರಕ್ಷತೆಗೆ ಅತ್ಯಂತ ಮುಖ್ಯವಾದ ಜಾಗದಿಂದಲೇ ಆರಂಭವಾಗುತ್ತದೆ. ಗಟ್ಟಿ ಕೆಚ್ಚು ಎಣ್ಣೆಯನ್ನು ಒಳಬಿಡದು. ಮೆತ್ತನೆಯ ಬಿಳಿಮರ ಹೀರಿಕೊಳ್ಳುತ್ತದೆ. ಹೀಗೆ ಕೆಲಸಕ್ಕೆ ಬಾರದ್ದೆಂದು ಬಿಟ್ಟಿದ್ದ ಹಿಮಾಲಯದ ಚೀಡ್ ಪೈನ್ ಮರಕ್ಕೆ ಹಠಾತ್ತನೆ ಬೆಲೆ ಬಂತು. 1920ರ ದಶಕದಲ್ಲಿ ಪಂಜಾಬಿನ ಬಿಯಾಸ್ ನದಿಯ ಬಳಿಯ ಧಿಲ್ವಾನ್‌ನಲ್ಲಿ ನಾರ್ತ್ ವೆಸ್ಟರ್ನ್ ರೈಲ್ವೆಯ ದೊಡ್ಡ ಉಪಚಾರ ಕೇಂದ್ರ ಕೆಲಸ ಆರಂಭಿಸಿತು.

ಪ್ರಯೋಗಶಾಲೆಯ ಈ ಯಶಸ್ಸನ್ನು ಕುಮಾವೂನಿನ ಹಳ್ಳಿಗರು ಬೇರೆ ಬಗೆಯಾಗಿ ಅನುಭವಿಸಿದರು. ಚೀಡ್ ಮರ ರಾಳಕ್ಕೂ ಸ್ಲೀಪರಿಗೂ ಒದಗತೊಡಗಿದ ಕಾಲಕ್ಕೆ, 1911ರಿಂದ 1917ರವರೆಗೆ, ಅಲ್ಲಿನ ಕಾಡುಗಳನ್ನು ವ್ಯಾಪಕವಾಗಿ ಮೀಸಲುಗೊಳಿಸಲಾಯಿತು. ಹುಲ್ಲಿಗಾಗಿ ಬೇಸಗೆಯಲ್ಲಿ ಬೆಂಕಿಯಿಡುವ ವಾಡಿಕೆಗೆ ತಡೆ ಬಿತ್ತು. ಮೇವಿಗೂ ಗೊಬ್ಬರಕ್ಕೂ ಸೌದೆಗೂ ಬೇಕಾದ ಬಾಂಜ್ ಓಕ್ ಮರ ಇಲಾಖೆಯ ಕಣ್ಣಿಗೆ ಹಿಂದೆ ಬಿದ್ದು, ಚೀಡ್ ಮುಂದೆ ಬಂತು. 1921ರ ಬೇಸಗೆಯಲ್ಲಿ ಮೀಸಲು ಕಾಡುಗಳಿಗೆ ಬೆಂಕಿ ಬಿತ್ತು. ರಾಮಚಂದ್ರ ಗುಹಾ ಅವರು 1989ರಲ್ಲಿ ಪ್ರಕಟಿಸಿದ ‘ದಿ ಅನ್‌ಕ್ವಯಟ್ ವುಡ್ಸ್’ ಗ್ರಂಥ ಈ ಪ್ರಕರಣವನ್ನು ವಿವರವಾಗಿ ಚರ್ಚಿಸಿದೆ. ಸರ್ಕಾರ ಕುಂದುಕೊರತೆ ಸಮಿತಿಯನ್ನು ನೇಮಿಸಿತು. 1931ರಲ್ಲಿ ವನ ಪಂಚಾಯತಿಗಳಿಗೆ ನಿಯಮಗಳು ಬಂದವು. ಉತ್ತರ ಕನ್ನಡದ ಕಾಡಿನಂಚಿನ ರೈತರು 1930ರ ಕಾನೂನುಭಂಗ ಚಳವಳಿಯಲ್ಲಿ ಅರಣ್ಯ ಕಾಯಿದೆಗಳನ್ನು ಮುರಿದದ್ದನ್ನು ಇದರೊಡನೆ ಇಟ್ಟು ನೋಡಿದರೆ, ಈ ಅಸಮಾಧಾನ ಹಿಮಾಲಯಕ್ಕೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಡೆಹ್ರಾಡೂನಿನ ವಿಜ್ಞಾನಿಗಳು ಇದನ್ನು ಬಯಸಿದ್ದರೆಂದು ನಾವು ಹೇಳುತ್ತಿಲ್ಲ. ಒಂದು ಮರಕ್ಕೆ ಬೆಲೆ ಬಂದಾಗ ಆ ಮರದ ನೆಲದ ಮೇಲಿನ ಹಕ್ಕು ಯಾರದೆಂಬ ಪ್ರಶ್ನೆ ಪ್ರಯೋಗಶಾಲೆಯ ಟಿಪ್ಪಣಿಯಲ್ಲಿ ಬರುವುದಿಲ್ಲ, ಅಷ್ಟೆ.

ಅದೇ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳ ಮಿಶ್ರಣವೊಂದನ್ನು ರೂಪಿಸಿದರು. ನೀರಿನಲ್ಲಿ ಕರಗಿ ಮರದೊಳಕ್ಕೆ ಹೋಗುವ ಈ ಲವಣಗಳು ಅಲ್ಲಿ ನಾರಿಗೆ ಅಂಟಿಕೊಂಡು, ಬಳಿಕ ಮಳೆಗೆ ಸುಲಭವಾಗಿ ಕೊಚ್ಚಿಹೋಗುವುದಿಲ್ಲ. ‘ಆಸ್ಕು’ ಎಂದು ಹೆಸರಾದ ಈ ಶೋಧ ಅಮೆರಿಕದ ಟೆಲಿಫೋನ್ ಕಂಬಗಳವರೆಗೆ ಪ್ರಯಾಣ ಮಾಡಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಕಾಮೇಶಂ ಅವರ ಹೆಸರು ಕಾಣಿಸದಿರುವುದು ಸೋಜಿಗ. ಮೈಸೂರು ಸಂಸ್ಥಾನವೂ 1938ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಅರಣ್ಯ ಸಂಶೋಧನಾಲಯವನ್ನು ತೆರೆಯಿತು. 1956ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದ ಅದು ಇಂದು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ.

ಮರಕ್ಕೆ ಬದಲಾಗಿ ಲೋಹವನ್ನು ಬಳಸುವ ಯತ್ನ ಮೊದಲಿನಿಂದಲೂ ಇತ್ತು. ಬೋಗುಣಿಯಂಥ ಬೀಡುಕಬ್ಬಿಣದ ಸ್ಲೀಪರುಗಳು, ಉಕ್ಕಿನ ತೊಟ್ಟಿಯಾಕಾರದವು, ‘ಸಿಎಸ್‌ಟಿ-9’ ಎಂಬ ಬೀಡಿನ ತಟ್ಟೆ ಎಲ್ಲವೂ ಬಂದವು. ಗೆದ್ದಲಿನ ಭಯ ಹೋಯಿತು. ಆದರೆ ಹಳಿಯ ಮೇಲೆ ಗಾಡಿ ಇದೆಯೇ ಎಂದು ವಿದ್ಯುತ್ತಿನ ಮೂಲಕ ತಿಳಿದು ಸಿಗ್ನಲ್ಲನ್ನು ನಿಯಂತ್ರಿಸುವ ಟ್ರ್ಯಾಕ್ ಸರ್ಕ್ಯೂಟ್ ಇರುವಲ್ಲಿ ಎರಡು ಹಳಿಗಳ ನಡುವೆ ವಿದ್ಯುತ್ ಹರಿಯಕೂಡದು. ಲೋಹದ ಸ್ಲೀಪರು ಅದಕ್ಕೆ ಒಗ್ಗದು. ಒಂದು ಬಗೆಯ ಸುರಕ್ಷತೆಗಾಗಿ ಬಿಟ್ಟ ಮರವನ್ನು ಇನ್ನೊಂದು ಬಗೆಯ ಸುರಕ್ಷತೆಗಾಗಿ ಮರಳಿ ತರಬೇಕಾಯಿತು.

1937ರ ಜುಲೈನಲ್ಲಿ ಪಟ್ನಾ ಸಮೀಪದ ಬಿಹ್ಟಾದಲ್ಲಿ ಎಕ್ಸ್‌ಪ್ರೆಸ್ ಗಾಡಿ ಹಳಿ ತಪ್ಪಿ ನೂರಕ್ಕೂ ಹೆಚ್ಚು ಜನ ಮಡಿದರು. ಎಕ್ಸ್‌ಬಿ ವರ್ಗದ ಎಂಜಿನು ವೇಗದಲ್ಲಿ ಅಕ್ಕಪಕ್ಕಕ್ಕೆ ತೂಗಾಡಿ ಹಳಿಯನ್ನೇ ತಿರುಚುವ ಸಮಸ್ಯೆಯನ್ನು ಬಳಿಕ ಪೆಸಿಫಿಕ್ ಲೋಕೊಮೋಟಿವ್ ಸಮಿತಿ ಪರಿಶೀಲಿಸಿತು. ಎಂಜಿನನ್ನೂ ಹಳಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಸಾಲದು, ಒಂದರ ಮೇಲೊಂದು ಉಂಟುಮಾಡುವ ಪರಿಣಾಮವನ್ನು ಅಳೆಯಬೇಕು ಎಂಬುದು ಮನವರಿಕೆಯಾಯಿತು. 1930ರ ಕೇಂದ್ರ ಮಾನಕ ಕಚೇರಿಯೂ 1952ರ ರೈಲ್ವೆ ಪರೀಕ್ಷಾ ಮತ್ತು ಸಂಶೋಧನಾ ಕೇಂದ್ರವೂ ಸೇರಿ 1957ರಲ್ಲಿ ಲಖನೌದ ಆರ್‌ಡಿಎಸ್‌ಒ ರೂಪುಗೊಂಡಿತು. ಉದ್ದಕ್ಕೆ ಬೆಸೆದ ಹಳಿಗಳು ಬಂದ ಮೇಲೆ ಬೇಸಗೆಯ ಕಾವಿಗೆ ಹಳಿ ಹಿಗ್ಗಲು ಜಾಗವಿಲ್ಲದೆ ಪಕ್ಕಕ್ಕೆ ಬಾಗುವ ಅಪಾಯ ಹೆಚ್ಚಿತು. ಅದನ್ನು ತಡೆಯಲು ಜಲ್ಲಿಯಲ್ಲಿ ಅಲುಗದೆ ಕೂರುವ ಭಾರ ಬೇಕು. 250 ಕಿಲೋಗ್ರಾಂಗೂ ಮಿಗಿಲಾದ, ಪೂರ್ವಪ್ರತಿಬಲಿತ ಕಾಂಕ್ರೀಟಿನ ಸ್ಲೀಪರು ಆ ಭಾರವನ್ನೂ ವಿದ್ಯುತ್ ನಿರೋಧವನ್ನೂ ಒಟ್ಟಿಗೆ ಒದಗಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಮತ್ತು 1988ರ ಅರಣ್ಯ ನೀತಿಗಳ ಕಾಲದಲ್ಲಿ ಮುಖ್ಯ ಮಾರ್ಗಗಳಿಂದ ಮರ ಕ್ರಮೇಣ ಹಿಂದೆ ಸರಿಯಿತು. ಗ್ಯಾಂಗ್‌ಮನ್‌ಗಳು ಹೆಗಲ ಮೇಲೆ ಹೊತ್ತೊಯ್ಯುತ್ತಿದ್ದ ತೊಲೆಯ ಜಾಗಕ್ಕೆ ಯಂತ್ರವಿಲ್ಲದೆ ಅಲುಗಿಸಲಾಗದ ವಸ್ತು ಬಂತು.

ಕಾಡು ಉಳಿಸಬೇಕೆಂಬ ಕಾಳಜಿ ಈ ಬದಲಾವಣೆಗೆ ಬೆಂಬಲವಾಗಿತ್ತೆಂಬುದು ನಿಜ. ಆದರೆ ಭಾರಿ ಗಾಡಿ, ಹೆಚ್ಚಿನ ವೇಗ, ಬೆಸೆದ ಹಳಿಗಳ ಒತ್ತಾಯವೂ, ಬಲಿತ ಮರ ಸಿಗದಾದ ಸಂಗತಿಯೂ ಅದಕ್ಕಿಂತ ಪ್ರಬಲವಾಗಿದ್ದವೆಂದು ನಮ್ಮ ಅಭಿಪ್ರಾಯ. ಗರ್ಡರು ಸೇತುವೆಗಳ ಮೇಲೆ ಮರ ಹೆಚ್ಚು ಕಾಲ ಉಳಿಯಿತು. ಅಲ್ಲಿಗೂ ಉಕ್ಕಿನ ಚಾನಲ್ ಸ್ಲೀಪರುಗಳು ಬಂದವು. ತೆಗೆದುಹಾಕಿದ ಹಳೆಯ ತೊಲೆಗಳು ಹರಾಜಿನಲ್ಲಿ ಮಾರಾಟವಾಗಿ ಬೇಲಿಯಾದವು, ಬಾಗಿಲಾದವು, ಮೇಜಾದವು. ಕ್ರಿಯೊಸೋಟ್ ಹೀರಿದ ಮರವನ್ನು ಒಲೆಗೆ ಹಾಕಬಾರದೆಂಬುದು ಕೊಂಡವರಲ್ಲಿ ಎಷ್ಟು ಜನರಿಗೆ ತಿಳಿದಿತ್ತೋ! ಕಾಮೇಶಂ ಅವರ ಆರ್ಸೆನಿಕ್ ಮಿಶ್ರಣವನ್ನೂ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಹಾಕುವುದನ್ನು ತಯಾರಕರು ಕೈಬಿಟ್ಟರು.