ಏಳು ಹುಡುಗಿಯರ ವಿಳಾಸ

ಎರಡು ವರ್ಷದ ಹಿಂದೆ ನಮ್ಮ ಹೈಸ್ಕೂಲಿನಲ್ಲಿ ಒಂದು ಗುರುವಂದನೆ ಕಾರ್ಯಕ್ರಮ ನಡೆಯಿತು. ಇದೀಗ ಊರೂರಿಗೂ ಬಂದಿರುವ ಪದ್ಧತಿ, ನಿಮಗೂ ಗೊತ್ತಿರಬೇಕು. ಹಳೆಯ ವಿದ್ಯಾರ್ಥಿಗಳು ಕೂಡಿಕೊಂಡು ತಮಗೆ ಕಲಿಸಿದವರನ್ನು ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಹೋಳಿಗೆ ಊಟ ಹಾಕಿ ಕಳಿಸುತ್ತಾರೆ. ಇವರು 1998ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಸಮಾಜ ಪಾಠ ಹೇಳಿದ ತರಗತಿ. ಅದಕ್ಕೇ ಹುರುಪಿನಿಂದ ಹೋದೆ.

ವೇದಿಕೆಯ ಮೇಲೆ ಕೂತು ಎದುರಿಗೆ ನೋಡಿದರೆ ಸಾಲುಸಾಲಾಗಿ ಗಂಡಸರೇ. ಗುತ್ತಿಗೆದಾರರು, ಪೊಲೀಸರು, ಬೆಂಗಳೂರಿನಿಂದ ಕಾರಿನಲ್ಲಿ ಬಂದ ಎಂಜಿನಿಯರುಗಳು. ಹಿಂದಿನ ಸಾಲಿನಲ್ಲಿ ಸೀರೆಯುಟ್ಟ ಮೂವರು ಹೆಣ್ಣುಮಕ್ಕಳು. ಆ ತರಗತಿಯಲ್ಲಿ ಹತ್ತೊಂಬತ್ತು ಜನ ಹುಡುಗಿಯರಿದ್ದರು. ಊಟದ ಹೊತ್ತಿಗೆ ಕಾರ್ಯಕ್ರಮದ ಮುಂದಾಳು ಹುಡುಗನನ್ನು ಕರೆದು ಕೇಳಿದೆ. ಹುಡುಗನೆಂದರೆ ನಲವತ್ತು ದಾಟಿದವನೇ. ಅವನು ತಲೆ ಕೆರೆದುಕೊಂಡು, "ಏನ್ ಮಾಡೂದ್ರಿ ಟೀಚರ್, ಹುಡುಗ್ಯಾರ ಅಡ್ರೆಸ್ಸೇ ಸಿಗಲಿಲ್ಲ" ಅಂದ.

ನಾನು ಅವನನ್ನು ಬೈಯಲಿಲ್ಲ. ಇದೇ ಮಾತನ್ನು ಬೇರೆ ಕಡೆ, ಬೇರೆ ಕಾಲದ್ದಾಗಿ ಕೇಳಿದ್ದೆ. ನಮ್ಮ ಅಜ್ಜಿಯ ಟ್ರಂಕಿನಲ್ಲಿದ್ದ ಒಂದು ವಹಿ ನೆನಪಾಯಿತು.

ಅಜ್ಜಿ ಎಂದರೆ ನನ್ನ ತಾಯಿಯ ತಾಯಿ. ಹುಟ್ಟಿದ್ದು 1926ರಲ್ಲಿ, ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿದ್ದು 1944ರಲ್ಲಿ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮ್ಯಾಟ್ರಿಕ್ ಪರೀಕ್ಷೆ ನಡೆಸುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ಆಮೇಲೆ, 1949ರಲ್ಲಿ. 1941ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಏಳು ಚಿಲ್ಲರೆ. ಅಂಥದ್ದರಲ್ಲಿ ಮ್ಯಾಟ್ರಿಕ್ಕಿಗೆ ಕೂತ ಹುಡುಗಿಯರು ಎಷ್ಟಿರಬಹುದು, ನೀವೇ ಯೋಚಿಸಿ. ಅಜ್ಜಿಯ ತರಗತಿಯಲ್ಲಿ ಏಳು ಜನ ಇದ್ದರು. ಶಾರದಾ ಕಾಯಿದೆಯಂತೆ ಆಗ ಹೆಣ್ಣಿನ ಮದುವೆಗೆ ಹದಿನಾಲ್ಕು ತುಂಬಿದರೆ ಸಾಕಿತ್ತು. ಹದಿನೇಳು, ಹದಿನೆಂಟರವರೆಗೆ ಮದುವೆ ಮಾಡದೆ ಓದಿಸಿದ ತಂದೆತಾಯಿಗಳು ನೆರೆಹೊರೆಯವರಿಂದ ಎಷ್ಟು ಮಾತು ಕೇಳಿರಬೇಕು!

ಅದು ಮಹಾಯುದ್ಧದ ಕಾಲ. ಅಜ್ಜಿ ಯುದ್ಧದ ಕತೆ ಹೇಳುವಾಗ ಹಿಟ್ಲರನ ಹೆಸರು ಎತ್ತುತ್ತಿರಲಿಲ್ಲ. ಗಡಿಯಾರದ ಸುದ್ದಿ ಹೇಳುತ್ತಿದ್ದಳು. 1942ರ ಸೆಪ್ಟೆಂಬರಿನಲ್ಲಿ ಸರಕಾರ ಇಡೀ ದೇಶದ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ಇಟ್ಟಿತು. 1945ರ ಅಕ್ಟೋಬರಿನವರೆಗೂ ಹಾಗೆಯೇ ನಡೆಯಿತು. "ಸೂರ್ಯಾ ಒಂದು ಹೇಳತಿದ್ದ, ಗಡಿಯಾರ ಒಂದು ಹೇಳತಿತ್ತು. ಚಳಿಗಾಲದಾಗ ಕತ್ತಲೊಳಗ ತಲಿ ಹಿಕ್ಕೋತಿದ್ವಿ" ಎನ್ನುತ್ತಿದ್ದಳು. ಇನ್ನೊಂದು, ತೂತಿನ ಪೈಸೆಯ ಸುದ್ದಿ. ತಾಮ್ರಕ್ಕೆ ಅಭಾವ ಬಂದು 1943ರಿಂದ ನಡುವೆ ದೊಡ್ಡ ತೂತಿರುವ ಪೈಸೆ ಬಂತು. ಹುಡುಗಿಯರು ಅದನ್ನು ದಾರದಲ್ಲಿ ಪೋಣಿಸಿ ಕಟ್ಟಿಕೊಳ್ಳುತ್ತಿದ್ದರಂತೆ. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಕಾಗದವಂತೂ ಬಂಗಾರವಾಗಿತ್ತು. ನಾನು ಹೇಳುತ್ತಿರುವ ವಹಿಯೂ ಅಂಗಡಿಯಿಂದ ಕೊಂಡದ್ದಲ್ಲ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ಹರಿದು, ದಬ್ಬಣದಿಂದ ಹೊಲಿದು ಮಾಡಿದ್ದು.

ಏಳು ಹುಡುಗಿಯರಿಗೆ ಏಳು ಹೆಸರು, ಒಬ್ಬೊಬ್ಬರಿಗೆ ನಾಲ್ಕು ಪುಟ. ಪರೀಕ್ಷೆ ಮುಗಿದ ದಿನ ಕೂತು ಬರೆದದ್ದಂತೆ. ಅಜ್ಜಿ 2008ರಲ್ಲಿ ತೀರಿಕೊಂಡ ಮೇಲೆ ನಾನು ಮೊದಲ ಸಲ ಅದನ್ನು ಬಿಚ್ಚಿ ನೋಡಿದೆ. ಮೊದಲ ಪುಟದಲ್ಲಿದ್ದ ಹೆಸರೇ ನನಗೆ ಗುರುತು ಸಿಗಲಿಲ್ಲ. "ಇವರು ಯಾರವ್ವಾ?" ಎಂದು ಅಮ್ಮನನ್ನು ಕೇಳಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಅಯ್ಯ, ಅದು ನಮ್ಮವ್ವನ ತವರುಮನಿ ಹೆಸರಲ್ಲ!" ಅಂದಳು. ಮೂವತ್ತೆಂಟು ವರ್ಷ ಅಜ್ಜಿಯ ಮಡಿಲಲ್ಲಿ, ಮಗ್ಗುಲಲ್ಲಿ ಬೆಳೆದವಳಿಗೆ ಅಜ್ಜಿಯ ಹುಟ್ಟುಹೆಸರು ಗೊತ್ತಿರಲಿಲ್ಲ.

ಹಿಂದಿನ ಪದ್ಧತಿ ನಿಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಮದುವೆಯಾದೊಡನೆ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತಿತ್ತು. ಅಡ್ಡಹೆಸರು ಬದಲಾಗುತ್ತಿತ್ತು. ಅಷ್ಟೇ ಅಲ್ಲ, ಎಷ್ಟೋ ಮನೆಗಳಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದು, ಕರೆಯುವ ಹೆಸರನ್ನೂ ಬದಲಾಯಿಸಿಬಿಡುತ್ತಿದ್ದರು. ಕಷ್ಟಪಟ್ಟು ಸಂಪಾದಿಸಿದ ಮ್ಯಾಟ್ರಿಕ್ ಸರ್ಟಿಫಿಕೇಟಿನಲ್ಲಿ ಇರುವವಳು ಒಬ್ಬಳು, ಒಲೆಯ ಮುಂದೆ ಕೂತವಳು ಇನ್ನೊಬ್ಬಳು. ಹೀಗಿರುವಾಗ ಗೆಳತಿಯರು ಒಬ್ಬರನ್ನೊಬ್ಬರು ಹುಡುಕುವುದು ಹೇಗೆ?

ಅಜ್ಜಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ತವರುಮನೆಯ ವಿಳಾಸ. ಮಗಳ ಹೆಸರು ಬದಲಾದೀತು, ಊರು ಬದಲಾದೀತು, ತಾಯಿ ಇರುವ ಮನೆ ಬದಲಾಗುವುದಿಲ್ಲ. ನಾಗರ ಪಂಚಮಿಗೆ ಎಲ್ಲರೂ ತವರಿಗೆ ಬಂದೇ ಬರುತ್ತಾರೆ. ಅಜ್ಜಿ ತಾನೂ ಪಂಚಮಿಗೆ ಗದಗಿನಿಂದ ಧಾರವಾಡಕ್ಕೆ ಬಂದವಳೇ, ಉಂಡಿ ಕೊಡುವ ನೆವದಿಂದ ಓಣಿ ಓಣಿ ಸುತ್ತಿ ಗೆಳತಿಯರ ಹೊಸ ಹೆಸರು, ಹೊಸ ವಿಳಾಸ ಬರೆದುಕೊಂಡು ಬರುತ್ತಿದ್ದಳು. ಸಂಕ್ರಮಣಕ್ಕೆ ಪ್ರತಿಯೊಬ್ಬರಿಗೂ ಲಕೋಟೆಯಲ್ಲಿ ನಾಲ್ಕು ಕಾಳು ಕುಸುರೆಳ್ಳು ಹಾಕಿ ಕಳಿಸುತ್ತಿದ್ದಳು. ಎಳ್ಳು ತಲುಪಿದ್ದಕ್ಕೆ ಒಂದು ಕಾರ್ಡು ಬಂದರೆ ವಿಳಾಸ ಸರಿಯಿದೆ ಎಂದು ಲೆಕ್ಕ. ಬಾರದಿದ್ದರೆ ಮುಂದಿನ ಪಂಚಮಿಗೆ ಮತ್ತೆ ಹುಡುಕಾಟ.

ಆ ವಿಳಾಸಗಳನ್ನು ಓದುತ್ತ ಹೋದರೆ ಅದೇ ಒಂದು ಇತಿಹಾಸದ ಪಾಠ. ಅಜ್ಜಿ ಇದ್ದದ್ದು ಗದಗಿನಲ್ಲಿ, ಒಬ್ಬಳು ಸೊಲ್ಲಾಪುರದಲ್ಲಿ. ಎರಡೂ ಮುಂಬಯಿ ಪ್ರಾಂತ. ಒಬ್ಬಳು ಸಾಂಗಲಿ, ಅದು ಪಟವರ್ಧನರ ಸಂಸ್ಥಾನ. ಒಬ್ಬಳು ಬಳ್ಳಾರಿ, ಅದು ಮದರಾಸು ಪ್ರಾಂತ. ಒಬ್ಬಳು ಬೆಂಗಳೂರು, ಅದು ಮೈಸೂರು ಮಹಾರಾಜರದು. ಇನ್ನೊಬ್ಬಳು ಕೊಪ್ಪಳ, ಅದು ನಿಜಾಮರದು. ಒಂದೇ ಬೆಂಚಿನ ಹುಡುಗಿಯರು ಐದು ಸರಕಾರಗಳಲ್ಲಿ ಹಂಚಿಹೋಗಿದ್ದರು. ಗದಗಿನಿಂದ ಕೊಪ್ಪಳ ಎಷ್ಟು ದೂರ? ರೈಲಿನಲ್ಲಿ ಕೂತು ಒಂದು ಹೊತ್ತು. ಆದರೂ 1948ರಲ್ಲಿ ರಜಾಕಾರರ ಹಾವಳಿ ಹೆಚ್ಚಿ, ಜನ ಗಡಿ ದಾಟಿ ಮುಂಡರಗಿ ಮೊದಲಾದ ಶಿಬಿರಗಳಿಗೆ ಬರುತ್ತಿದ್ದಾಗ ಕೊಪ್ಪಳದ ಗೆಳತಿಯಿಂದ ತಿಂಗಳುಗಟ್ಟಲೆ ಒಂದು ಅಕ್ಷರವೂ ಬರಲಿಲ್ಲ. ಅವಳ ಪುಟದಲ್ಲಿ ಅಜ್ಜಿ "ಕಾಗದ ಇಲ್ಲ" ಎಂದು ಮೂರು ಸಲ ಬರೆದಿದ್ದಾಳೆ. ಆ ಸೆಪ್ಟೆಂಬರ್ 17ಕ್ಕೆ ಹೈದರಾಬಾದು ಭಾರತಕ್ಕೆ ಸೇರಿತು. ಅದರ ಕೆಳಗೆ, "ದೀಪಾವಳಿಗೆ ಕಾರ್ಡು ಬಂತು. ಗಂಡುಮಗು" ಎಂದಿದೆ.

1953ರಲ್ಲಿ ಬಳ್ಳಾರಿಯ ಮುಂದೆ ಮದರಾಸು ಹೊಡೆದುಹಾಕಿ ಮೈಸೂರು ಎಂದು ಬರೆದಿದ್ದಾಳೆ. 1956ರ ನವೆಂಬರಿನಲ್ಲಿ ತನ್ನ ವಿಳಾಸವನ್ನೂ ಕೊಪ್ಪಳದ್ದನ್ನೂ ತಿದ್ದಿದ್ದಾಳೆ. 1960ರಲ್ಲಿ ಸಾಂಗಲಿ, ಸೊಲ್ಲಾಪುರ ಮಹಾರಾಷ್ಟ್ರವಾದವು. 1972ರಲ್ಲಿ ಪಿನ್‌ಕೋಡು, 1973ರಲ್ಲಿ ಮೈಸೂರು ಹೋಗಿ ಕರ್ನಾಟಕ. ಮಕ್ಕಳಿಗೆ ಏಕೀಕರಣದ ಪಾಠ ಹೇಳುವಾಗ ನಾನು ಎಷ್ಟು ನಕಾಶೆ ತೋರಿಸಿದರೂ ಅವರಿಗೆ ಹತ್ತದೇ ಇದ್ದದ್ದು ಈ ವಹಿಯ ಎರಡು ಪುಟ ತೋರಿಸಿದರೆ ಹತ್ತುತ್ತದೆ.

ಆರು ಹೆಸರಿಗೆ ಹೀಗೆ ವಿಳಾಸ ತುಂಬಿದವು. ಏಳನೆಯವಳ ಪುಟ ಮಾತ್ರ ಖಾಲಿ.

ಅವಳ ಕತೆಯನ್ನು ಅಜ್ಜಿ ನನಗೆ ಹೇಳಿದ್ದಳು. 1942ರ ಆಗಸ್ಟಿನಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಶುರುವಾದಾಗ ಧಾರವಾಡ, ಹುಬ್ಬಳ್ಳಿಯ ಶಾಲೆಗಳ ಹುಡುಗರು ಬೀದಿಗಿಳಿದರು. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಎಳೆಯ ಹುಡುಗ ಪೊಲೀಸರ ಗುಂಡಿಗೆ ಬಲಿಯಾದ. ಮರುವರ್ಷ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಂದಿಗೆ ಮಡಿದರು. ಅಜ್ಜಿಯ ತರಗತಿಯ ಹುಡುಗನೊಬ್ಬ ಬೆಳಗಾವಿಯ ಹಿಂಡಲಗಾ ಜೈಲು ಸೇರಿದ. ಗುಟ್ಟಾಗಿ ಅಚ್ಚಾದ ಬುಲೆಟಿನ್ನುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅವುಗಳನ್ನು ಶಾಲೆಯ ಚೀಲದಲ್ಲಿಟ್ಟುಕೊಂಡು ಓಣಿಯಿಂದ ಓಣಿಗೆ ಮುಟ್ಟಿಸುತ್ತಿದ್ದವಳು ಈ ಏಳನೆಯ ಹುಡುಗಿ. ಅವಳ ತಂದೆ ಸರಕಾರಿ ಗುಮಾಸ್ತರು. "ಸರಕಾರಿ ಮನಷ್ಯಾನ ಮಗಳ ಚೀಲ ಯಾರು ನೋಡತಾರ? ಅದಕ್ಕs ಅಕಿ ಕೈಯಾಗ ಕೊಡತಿದ್ರು" ಎಂದು ಅಜ್ಜಿ ನಗುತ್ತಿದ್ದಳು. ಮನೆಯವರಿಗೂ ಗೊತ್ತಿರಲಿಲ್ಲವಂತೆ.

ಮ್ಯಾಟ್ರಿಕ್ ಮುಗಿದ ಬೇಸಿಗೆಯಲ್ಲೇ ತಂದೆಗೆ ವರ್ಗವಾಯಿತು. ಬಾಡಿಗೆ ಮನೆ, ಸಾಮಾನು ಕಟ್ಟಿಕೊಂಡು ಹೋದರು. ಹೋದ ಕಡೆ ಮದುವೆಯಾಯಿತು ಎಂದು ಸುದ್ದಿ ಬಂತು. ಯಾವ ಊರು? ನಾಗಪುರದ ಕಡೆ ಎಂದು ಒಬ್ಬರು, ಹೈದರಾಬಾದು ಎಂದು ಇನ್ನೊಬ್ಬರು. ಧಾರವಾಡದಲ್ಲಿ ತವರೆಂಬುದು ಇಲ್ಲದ ಮೇಲೆ ಪಂಚಮಿಗೆ ಯಾರ ಮನೆ ಬಾಗಿಲಿಗೆ ಹೋಗಿ ಕೇಳುವುದು? ಅಜ್ಜಿಯ ಉಪಾಯ ಅಲ್ಲಿಗೆ ಸೋತಿತು. "ಅಕಿ ಹೆಸರು ಈಗ ಏನದನೋ ಯಾರಿಗೆ ಗೊತ್ತವಾ" ಎಂದು ಸುಮ್ಮನಾಗುತ್ತಿದ್ದಳು.

1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಕೊಡಲು ಆರಂಭಿಸಿತು. ಸಾಮಾನ್ಯವಾಗಿ ಆರು ತಿಂಗಳಾದರೂ ಜೈಲಿನಲ್ಲಿ ಇದ್ದದ್ದಕ್ಕೆ ದಾಖಲೆ ಕೊಡಬೇಕಾಗಿತ್ತು. ಹಿಂಡಲಗಾಕ್ಕೆ ಹೋಗಿದ್ದ ಆ ಹುಡುಗನಿಗೆ ಪಿಂಚಣಿ ಬಂತು. ಅವರು ಪೇಡೆ ತಗೊಂಡು ಗದಗಿಗೆ ಬಂದು ಅಜ್ಜಿಯನ್ನು ಕೇಳಿದರಂತೆ: "ಆ ಹುಡುಗಿ ಎಲ್ಲಿದ್ದಾಳ, ನಿಮಗೇನರ ಗೊತ್ತದ ಏನು? ನಾವು ಜೈಲಿಗೆ ಹೋದ ಮ್ಯಾಲೂ ಬುಲೆಟಿನ್ ನಿಲ್ಲಲಿಲ್ಲ, ಅಕಿನs ನಡಸಿದ್ಲು." ಅಜ್ಜಿ ವಹಿ ತೆಗೆದು ಖಾಲಿ ಪುಟ ತೋರಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡದೆ ಕೂತರಂತೆ.

ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ತರಗತಿಯ ಗಂಡುಮಕ್ಕಳಲ್ಲಿ ಜೈಲಿಗೆ ಹೋದವನ ಹೆಸರು ಜೈಲಿನ ದಫ್ತರದಲ್ಲಿದೆ. ಅದೇ ಯುದ್ಧದಲ್ಲಿ ಇಪ್ಪತ್ತೈದು ಲಕ್ಷದಷ್ಟು ಭಾರತೀಯರು ಬ್ರಿಟಿಷರ ಸೈನ್ಯದಲ್ಲಿದ್ದರು. ಸೇರಿದವರ ಹೆಸರು ಪಲ್ಟಣದ ದಫ್ತರದಲ್ಲಿದೆ. ನೌಕರಿ ಹಿಡಿದವನ ಹೆಸರು ಕಚೇರಿಯಲ್ಲಿ, ಹೊಲ ಮಾಡಿದವನ ಹೆಸರು ಪಹಣಿಯಲ್ಲಿ. ಹುಡುಗಿಯರ ಹೆಸರು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಸಲ ಬಂದು ಅಲ್ಲಿಗೇ ನಿಂತಿತು. ಮುಂದಿನದಕ್ಕೆ ಇದ್ದದ್ದು ನಮ್ಮ ಅಜ್ಜಿ ಹೊಲಿದ ವಹಿ ಒಂದೇ. ಪೊಲೀಸರ ಕೈಗೆ ಸಿಕ್ಕಿದ್ದರೆ ಏಳನೆಯವಳ ಹೆಸರೂ ಎಲ್ಲೋ ಒಂದು ಕಡೆ ಉಳಿಯುತ್ತಿತ್ತು. ಸಿಗದಷ್ಟು ಜಾಣೆಯಾದದ್ದಕ್ಕೆ ಉಳಿಯಲಿಲ್ಲ.

ಗುರುವಂದನೆಯ ಊಟದ ಹೊತ್ತಿಗೆ ನನಗೆ ನೆನಪಾದದ್ದು ಇಷ್ಟು. ಮರುದಿನ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು 1998ರ ತರಗತಿಯ ದಾಖಲಾತಿ ಪುಸ್ತಕ ತೆಗೆದೆ. ಹತ್ತೊಂಬತ್ತು ಹುಡುಗಿಯರ ತಂದೆಯ ಹೆಸರು, ಊರು ಅದರಲ್ಲಿದ್ದವು. ಕಾರ್ಯಕ್ರಮಕ್ಕೆ ಬಂದಿದ್ದ ಮೂವರನ್ನೂ ಮನೆಗೆ ಕರೆದು ಚಹಾ ಕೊಟ್ಟು, ಅಜ್ಜಿಯ ಉಪಾಯ ಹೇಳಿದೆ. ಗಂಡನ ಊರು ಹುಡುಕಬೇಡಿರಿ, ತಾಯಿಯ ಮನೆ ಹುಡುಕಿರಿ ಅಂದೆ. ಒಬ್ಬಳು ಸ್ಕೂಟಿ ಹತ್ತಿ ಸುತ್ತಲಿನ ಹಳ್ಳಿಗಳಿಗೆ ಹೋದಳು. ಎರಡು ತಿಂಗಳಲ್ಲಿ ಹನ್ನೊಂದು ಜನ ಸಿಕ್ಕರು. ಒಬ್ಬಳು ಪುಣೆಯಲ್ಲಿ ನರ್ಸು, ಒಬ್ಬಳು ಗೋವೆಯಲ್ಲಿ ಖಾನಾವಳಿ ನಡೆಸುತ್ತಾಳೆ. ಇನ್ನೊಬ್ಬಳು ಶಾಲೆಯಿಂದ ಎರಡೇ ಮೈಲಿನ ಮೇಲಿದ್ದಳು. ಕಾರ್ಯಕ್ರಮದ ಸುದ್ದಿಯೇ ಅವಳಿಗೆ ಮುಟ್ಟಿರಲಿಲ್ಲ. ಅವಳು ಫೋನಿನಲ್ಲಿ, "ಟೀಚರ್, ನನ್ನ ಆ ಹೆಸರು ಹಿಡಿದು ಕರೆದು ಇಪ್ಪತ್ತು ವರ್ಷ ಆತ್ರಿ" ಎಂದು ಅತ್ತಳು.

ಇಬ್ಬರು ತೀರಿಹೋಗಿದ್ದಾರೆಂದು ಅವರ ತಾಯಂದಿರಿಂದ ತಿಳಿಯಿತು. ಅವರ ಹೆಸರನ್ನೂ ಬರೆದಿಟ್ಟಿದ್ದೇವೆ. ಮೂವರು ಉಳಿದಿದ್ದಾರೆ. ಇವರ ತವರುಮನೆಗಳಿಗೆ ಬೀಗ ಬಿದ್ದಿದೆ, ತಾಯಿ ಇಲ್ಲ, ಅಣ್ಣತಮ್ಮಂದಿರು ದುಡಿಯಲು ಬೇರೆ ಊರಿಗೆ ಹೋಗಿದ್ದಾರೆ. ಆದರೆ ಒಂದು ಊರಿನಲ್ಲಿ ಚಿಕ್ಕಮ್ಮ ಒಬ್ಬರು ಇದ್ದಾರಂತೆ. ಈ ಪಂಚಮಿಗೆ ಅಲ್ಲಿಗೆ ಹೋಗುವವರಿದ್ದೇವೆ. ಉಂಡಿ ನಾನೇ ಕಟ್ಟುತ್ತೇನೆ ಎಂದು ಹೇಳಿದ್ದೇನೆ.