ಧ್ವನಿಮತದಲ್ಲಿ ನಮ್ಮ ಶಾಸಕರ ದನಿ ಯಾವುದು?

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಚುನಾವಣೆ ಬಂದಾಗಲೆಲ್ಲ ಶಾಸಕರ ಲೆಕ್ಕ ತೆಗೆಯುವವರಿಗೆ ಕೊರತೆಯಿಲ್ಲ. ಯಾವ ರಸ್ತೆಗೆ ಡಾಂಬರು ಬಿತ್ತು, ಯಾವ ಚರಂಡಿ ಅರ್ಧಕ್ಕೆ ನಿಂತಿತು, ಯಾರ ಮನೆ ಮದುವೆಗೆ ಬಂದರು, ಯಾರ ಮಣ್ಣಿಗೆ ಬರಲಿಲ್ಲ, ಎಲ್ಲವೂ ಜನರ ನಾಲಿಗೆಯ ತುದಿಯಲ್ಲಿರುತ್ತದೆ. ಆದರೆ ಇಂಥ ಕಾನೂನಿಗೆ ನಮ್ಮ ಶಾಸಕರು ಹೌದು ಎಂದರೋ ಇಲ್ಲ ಎಂದರೋ, ಪಕ್ಷದ ಜೊತೆ ನಿಂತರೋ ಬೇರೆಯಾಗಿ ನಿಂತರೋ ಎಂದು ಕೇಳಿದರೆ ಹೇಳುವವರಿಲ್ಲ. ಇದು ಜನರ ಉದಾಸೀನ ಎಂದು ನಾವು ಬಹುಕಾಲ ಭಾವಿಸಿದ್ದೆವು. ಹುಡುಕಲು ಹೊರಟಾಗ ತಿಳಿದದ್ದೇ ಬೇರೆ. ಹೇಳಲು ದಾಖಲೆಯೇ ಇಲ್ಲ.

ನಮ್ಮ ವಿಧಾನಸಭೆಯಲ್ಲಿ ಬಹುತೇಕ ಮಸೂದೆಗಳು ಅಂಗೀಕಾರವಾಗುವುದು ಧ್ವನಿಮತದಿಂದ. ಪರ ಇರುವವರು ಹೌದು ಎನ್ನುತ್ತಾರೆ, ವಿರೋಧ ಇರುವವರು ಇಲ್ಲ ಎನ್ನುತ್ತಾರೆ, ಯಾವ ಕೂಗು ಹೆಚ್ಚು ಎಂದು ಪೀಠದಲ್ಲಿರುವವರ ಕಿವಿ ತೀರ್ಮಾನಿಸುತ್ತದೆ. ಯಾರ ಹೆಸರೂ ಬರೆದುಕೊಳ್ಳುವುದಿಲ್ಲ. ಬ್ರಿಟನ್ನಿನ ಕೆಳಮನೆಯಲ್ಲಿ ಮತ ವಿಭಜನೆಯಾದಾಗ ಯಾರು ಯಾವ ಕಡೆ ಎಂಬ ಪಟ್ಟಿಯನ್ನು 1836ರಿಂದಲೇ ಪ್ರಕಟಿಸುತ್ತಾ ಬಂದಿದ್ದಾರೆ. ಅವರಿಂದ ಸಂಸದೀಯ ಪದ್ಧತಿಯನ್ನು ಪಡೆದ ನಾವು ಆ ಪಟ್ಟಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದಂತಿದೆ.

ಶಾಸಕನ ಒಂದು ಮತಕ್ಕೆ ಬೆಲೆಯಿದ್ದ ಕಾಲ ಇರಲಿಲ್ಲವೆಂದಲ್ಲ. 1983ರಲ್ಲಿ ಬಹುಮತವಿಲ್ಲದ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಿಜೆಪಿ ಮತ್ತು ಎಡಪಕ್ಷಗಳ ಹೊರಬೆಂಬಲದಿಂದ ನಿಂತಿತ್ತು. ಆ ಸದನದಲ್ಲಿ ಗಿರಣಿ ಕಾರ್ಮಿಕರ ಊರಾದ ದಾವಣಗೆರೆಯನ್ನು ಪ್ರತಿನಿಧಿಸಿದವರು ಸಿಪಿಐನ ಪಂಪಾಪತಿ. ಬೆರಳೆಣಿಕೆಯ ಸದಸ್ಯರ ಪಕ್ಷವೂ ಸರ್ಕಾರದ ಉಳಿವಿಗೆ ಲೆಕ್ಕಕ್ಕೆ ಬರುತ್ತಿತ್ತು. ಆಗ ಸದಸ್ಯನನ್ನು ಪಕ್ಷಕ್ಕೆ ಕಟ್ಟಿಹಾಕಿದ್ದು ನಂಬಿಕೆ, ಶಿಸ್ತು, ಹೆಚ್ಚೆಂದರೆ ಮುಂದಿನ ಟಿಕೆಟಿನ ಆಸೆ. ಕಾನೂನಲ್ಲ.

ಎರಡು ವರ್ಷದಲ್ಲಿ ಕಾನೂನು ಬಂತು. 1967ರ ನಂತರ ದೇಶದಾದ್ಯಂತ ನಡೆದ ಪಕ್ಷಾಂತರದ ಜಾತ್ರೆಗೆ ಬೇಸತ್ತು, 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿಯನ್ನು ಸೇರಿಸಲಾಯಿತು. ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಅಥವಾ ಅನುಮತಿಯಿಲ್ಲದೆ ಮತದಾನದಿಂದ ದೂರ ಉಳಿದರೆ, ಹದಿನೈದು ದಿನದೊಳಗೆ ಪಕ್ಷ ಮನ್ನಿಸದಿದ್ದಲ್ಲಿ ಸದಸ್ಯತ್ವಕ್ಕೇ ಕುತ್ತು. ಸರ್ಕಾರ ಉರುಳಿಸುವ ಮತಕ್ಕೂ ಒಂದು ಸಣ್ಣ ತಿದ್ದುಪಡಿಯ ಮೇಲಿನ ಮತಕ್ಕೂ ಈ ಅನುಸೂಚಿ ವ್ಯತ್ಯಾಸ ಮಾಡಲಿಲ್ಲ. ಸರ್ಕಾರದ ಅಳಿವು ಉಳಿವಿನ ಅಥವಾ ಪಕ್ಷದ ಮೂಲ ಕಾರ್ಯಕ್ರಮದ ಪ್ರಶ್ನೆಗಳಿಗೆ ಮಾತ್ರ ಇಂಥ ವಿಪ್ ಸೀಮಿತವಾಗಿರಬೇಕು ಎಂದು 1992ರಲ್ಲಿ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಕ್ಷಗಳಿಗೆ ಆ ಮಾತು ಕೇಳಿಸಿದಂತೆ ಕಾಣುವುದಿಲ್ಲ.

ಹಾಗಾಗಿ ಶಾಸಕರ ಹೆಸರು ಹೊರಗೆ ಬರುವುದು ಅವರು ಪಕ್ಷವನ್ನು ಮುರಿದ ದಿನ ಮಾತ್ರ. 2008ರ ಜುಲೈ 22ರಂದು ಅಣು ಒಪ್ಪಂದದ ಗದ್ದಲದ ನಡುವೆ ಮನಮೋಹನ್ ಸಿಂಗ್ ಸರ್ಕಾರ 275–256ರಿಂದ ವಿಶ್ವಾಸಮತ ಗೆದ್ದಿತು. ಬಿಜೆಪಿಯ ಎಚ್.ಟಿ. ಸಾಂಗ್ಲಿಯಾನ ಮತ್ತು ಮಂಜುನಾಥ ಕುನ್ನೂರ್ ಸರ್ಕಾರದ ಪರ ಮತ ಹಾಕಿದರು; ಉಡುಪಿಯ ಮನೋರಮಾ ಮಧ್ವರಾಜ್ ದೂರ ಉಳಿದರು. 2004ರಲ್ಲಿ ಜಾಫರ್ ಷರೀಫರನ್ನು ಸೋಲಿಸಿ ಲೋಕಸಭೆಗೆ ಹೋಗಿದ್ದ ಸಾಂಗ್ಲಿಯಾನ, 2009ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು. ದಾವಣಗೆರೆಯ ಸಂಸದ ಜಿ.ಎಂ. ಸಿದ್ದೇಶ್ವರರ ಹೆಸರು ಪಕ್ಷ ಮೀರಿದವರ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಅವರ ಮತದ ಬಗ್ಗೆ ಇಲ್ಲಿ ಯಾರೂ ಮಾತಾಡಿದ್ದನ್ನು ನಾವು ಕೇಳಿಲ್ಲ.

ಮುರಿಯುವವರು ಬೇಗ ಜಾಣರಾದರು. ಸದನದಲ್ಲಿ ಎದುರು ಮತ ಹಾಕಿ ಅನರ್ಹರಾಗುವ ಬದಲು ರಾಜೀನಾಮೆ ಕೊಟ್ಟು ಇನ್ನೊಂದು ಚಿಹ್ನೆಯಲ್ಲಿ ಬರುವ ದಾರಿ ಕಂಡುಕೊಂಡರು. ನಮ್ಮ ಜಗಳೂರಿನಲ್ಲಿಯೇ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಎಸ್.ವಿ. ರಾಮಚಂದ್ರ 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಮರಳಿದರು. 2019ರಲ್ಲಿ ಹರಿಹರದ ಸೇತುವೆ ದಾಟಿದರೆ ಸಿಗುವ ರಾಣೆಬೆನ್ನೂರಿನ ಆರ್. ಶಂಕರ್ ಸೇರಿ 17 ಮಂದಿಯನ್ನು ಸಭಾಧ್ಯಕ್ಷ ರಮೇಶ್ ಕುಮಾರ್ ಅನರ್ಹಗೊಳಿಸಿದರು. ಅದೇ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಲು ಮಾತ್ರ ಅಡ್ಡಿಯಿಲ್ಲ ಎಂದಿತು.

ಅದೇ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಿಂದ ಬಿದ್ದಾಗ ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದವರು ಕೊಳ್ಳೇಗಾಲದ ಎನ್. ಮಹೇಶ್. ಬಿಎಸ್‌ಪಿಗೆ ಸದನದಲ್ಲಿದ್ದದ್ದು ಅವರೊಬ್ಬರೇ. ಶಾಸಕಾಂಗ ಪಕ್ಷ ಎಂದರೂ ಅವರೇ, ಅದರ ನಾಯಕ ಎಂದರೂ ಅವರೇ. ಸರ್ಕಾರದ ಪರ ಮತ ಹಾಕಬೇಕೆಂದು ಮಾಯಾವತಿ ಸೂಚಿಸಿದ್ದರು. ಮಹೇಶ್ ಸದನಕ್ಕೇ ಬರಲಿಲ್ಲ. ಅಂದೇ ಉಚ್ಚಾಟನೆಯಾಯಿತು. ತನ್ನ ಗುಂಪಿನ ಮತಕ್ಕೂ ತನ್ನ ಮತಕ್ಕೂ ಒಬ್ಬನೇ ವ್ಯಕ್ತಿಯೊಳಗೆ ಬಿರುಕು ಬರಬಹುದೆಂಬುದನ್ನು ಆ ದಿನ ನೋಡಿದೆವು. 2021ರಲ್ಲಿ ಅವರು ಬಿಜೆಪಿ ಸೇರಿದರು.

ಹೊರಗಡೆ ಪಕ್ಷವನ್ನು ಟೀಕಿಸುವವರಿಗೇನೂ ಬರವಿಲ್ಲ. ದಾವಣಗೆರೆ ದಕ್ಷಿಣದ ಶಾಸಕರಾಗಿದ್ದ ಶಾಮನೂರು ಶಿವಶಂಕರಪ್ಪನವರು ವೀರಶೈವ ಮಹಾಸಭಾದ ಅಧ್ಯಕ್ಷರಾಗಿ ತಮ್ಮದೇ ಸರ್ಕಾರದ ಮುಂದಿದ್ದ ಜಾತಿ ಗಣತಿ ವರದಿಯನ್ನು ಬಹಿರಂಗವಾಗಿ ವಿರೋಧಿಸಿದರು. ವೇದಿಕೆಯ ಮಾತಿಗೆ ವಿಪ್ ಇಲ್ಲ.

ಧ್ವನಿಮತ ಎಷ್ಟು ಮುಚ್ಚಿಡಬಲ್ಲದು ಎಂಬುದಕ್ಕೆ ಎರಡು ದಿನಗಳು ಸಾಕು. 2010ರ ಅಕ್ಟೋಬರ್ 11ರಂದು, 16 ಶಾಸಕರನ್ನು ಅನರ್ಹಗೊಳಿಸಿದ ಬೆನ್ನಿಗೇ ಯಡಿಯೂರಪ್ಪ ಸರ್ಕಾರ ಗದ್ದಲದ ನಡುವೆ ಧ್ವನಿಮತದಿಂದ ವಿಶ್ವಾಸ ಗೆದ್ದಿತೆಂದು ಘೋಷಿಸಲಾಯಿತು. ಅದು ಸರಿಯಿಲ್ಲವೆಂದು ರಾಜ್ಯಪಾಲರು ಪಟ್ಟು ಹಿಡಿದ ಮೇಲೆ 14ರಂದು ತಲೆ ಎಣಿಸಿದರು: 106–100. ಆ ಅನರ್ಹತೆಯನ್ನು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಇನ್ನೊಂದು ದಿನ 2021ರ ಫೆಬ್ರವರಿ 8. ವಿಧಾನ ಪರಿಷತ್ತಿನಲ್ಲಿ ಜಾನುವಾರು ಹತ್ಯೆ ನಿಷೇಧ ಮಸೂದೆ. ಮೂರರಿಂದ ಏಳು ವರ್ಷ ಸೆರೆ, 50 ಸಾವಿರದಿಂದ ಐದು ಲಕ್ಷ ರೂಪಾಯಿ ದಂಡ. ಎತ್ತು ಮಾರುವ ರೈತ, ಚರ್ಮದ ಕೆಲಸಗಾರ, ಮಾಂಸದ ಅಂಗಡಿಯವ, ಎಲ್ಲರ ಬದುಕನ್ನೂ ತಟ್ಟುವ ಕಾನೂನು. 75 ಸದಸ್ಯರ ಮನೆಯಲ್ಲಿ ಬಿಜೆಪಿಗೆ ಸ್ವಂತ ಬಹುಮತವಿರಲಿಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಎರಡೂ ಮಸೂದೆಯನ್ನು ವಿರೋಧಿಸಿದ್ದವು. ತಲೆ ಎಣಿಸಿದ್ದರೆ ಏನಾಗುತ್ತಿತ್ತು? ಜೆಡಿಎಸ್ ಸದಸ್ಯರೆಲ್ಲ ತಮ್ಮ ನಾಯಕರ ಮಾತಿನಂತೆಯೇ ನಿಲ್ಲುತ್ತಿದ್ದರೇ, ಎದ್ದು ಹೋಗುತ್ತಿದ್ದರೇ? ಪೀಠದಲ್ಲಿದ್ದ ಉಪಸಭಾಪತಿ ಎಂ.ಕೆ. ಪ್ರಾಣೇಶ್ ಗದ್ದಲದ ನಡುವೆ ಮಸೂದೆಯನ್ನು ಧ್ವನಿಮತಕ್ಕೆ ಹಾಕಿದರು, ಅಂಗೀಕಾರವಾಯಿತೆಂದರು. ಕಾನೂನು ಜಾರಿಗೆ ಬಂತು. ಅಂದು ಹೌದು ಎಂದ ಒಬ್ಬ ಸದಸ್ಯರ ಹೆಸರೂ, ಇಲ್ಲ ಎಂದ ಒಬ್ಬರ ಹೆಸರೂ ಮತಪಟ್ಟಿಯಲ್ಲಿಲ್ಲ, ಏಕೆಂದರೆ ಮತಪಟ್ಟಿಯೇ ಆಗಲಿಲ್ಲ.